ಬಾಡಿಗೆ ಮನೆಯ ಒಲೆ ಹಿಂದೆ ಒಂದು ತಗಡು ನಿಲ್ಲಿಸಿ

ಬದನೆಕಾಯಿ ಎಣ್ಣೆಗಾಯಿ ಮಾಡಿದ ದಿನ ಒಲೆ ಹಿಂದಿನ ಗೋಡೆ ನೋಡಬೇಕು. ಎಣ್ಣೆ, ಖಾರ, ಅರಿಶಿನ ಎಲ್ಲಾ ಅಲ್ಲೇ. ಸ್ವಂತ ಮನೆಯಾದರೆ ಟೈಲ್ಸ್ ಹಾಕಿಸಬಹುದು. ಆದರೆ ಕಲಬುರಗಿಯ ಎಷ್ಟೋ ಹಳೆ ಬಾಡಿಗೆ ಮನೆಗಳಲ್ಲಿ ಅಡುಗೆ ಕಟ್ಟೆಗೆ ಶಹಾಬಾದ್ ಫರಸಿ (ಚಪ್ಪಡಿ ಕಲ್ಲು), ಅದರ ಮೇಲಿನ ಗೋಡೆಗೆ ಬರೀ ಸುಣ್ಣ ಇಲ್ಲಾ ಡಿಸ್ಟೆಂಪರ್. ಮೊಳೆ ಹೊಡೆಯಬೇಡಿ ಅಂತ ಮಾಲೀಕರು ಮೊದಲೇ ಹೇಳಿರುತ್ತಾರೆ.

ಆನ್‌ಲೈನ್‌ನಲ್ಲಿ ಸಿಗುವ ಟೈಲ್ಸ್ ಡಿಸೈನಿನ ಸ್ಟಿಕ್ಕರ್ ನೋಡಿ ಮರುಳಾಗಬೇಡಿ. ಪುಡಿ ಉದುರುವ ಗೋಡೆಗೆ ಅದು ನಿಲ್ಲುವುದಿಲ್ಲ. ನಿಂತರೂ ಕೀಳುವಾಗ ಬಣ್ಣ ಸಮೇತ ಬರುತ್ತದೆ. ಮೇಲಾಗಿ ಅದು ಪ್ಲಾಸ್ಟಿಕ್, ಉರಿ ಹತ್ತಿರ ಸುಕ್ಕಾಗುತ್ತದೆ, ಬೆಂಕಿ ತಾಗಿದರೆ ಉರಿದೇ ಬಿಡುತ್ತದೆ. ಸಿಂಕ್ ಹಿಂದೆ ಬೇಕಾದರೆ ಹಾಕಿ, ಒಲೆ ಹಿಂದೆ ಬೇಡ.

ಅಂಟು, ಮೊಳೆ ಯಾವುದೂ ಬೇಡದ ದಾರಿ ಒಂದಿದೆ. ಕೆಳಭಾಗವನ್ನು ಮುಂದಕ್ಕೆ ಮಡಚಿದ ತಗಡನ್ನು ಒಲೆ ಹಿಂದೆ ನಿಲ್ಲಿಸಿ, ಮಡಚಿದ ಭಾಗದ ಮೇಲೆ ಒಲೆ ಇಡುವುದು. ಒಲೆಯ ಭಾರವೇ ತಗಡನ್ನು ಹಿಡಿದಿಡುತ್ತದೆ.

ಮೊದಲು ಅಳತೆ. ಒಲೆಯ ಅಗಲಕ್ಕೆ ಎರಡೂ ಕಡೆ ಅರ್ಧರ್ಧ ಅಡಿ ಸೇರಿಸಿ. ಎರಡು ಬರ್ನರ್ ಒಲೆಗೆ ಸುಮಾರು 3 ಅಡಿ ಬರುತ್ತದೆ. ಎತ್ತರ 2 ಅಡಿ ಸಾಕು. ಕೆಳಗೆ ಮಡಚಿದ ಭಾಗ ಮಾತ್ರ ಒಲೆಯ ಹಿಂದಿನ ಕಾಲುಗಳನ್ನು ದಾಟಿ ಎರಡು ಇಂಚು ಮುಂದೆ ಬರಬೇಕು, ಇಲ್ಲದಿದ್ದರೆ ತಗಡು ಮುಂದಕ್ಕೆ ವಾಲುತ್ತದೆ. ಹಳೆ ಪೇಪರನ್ನು ಅದೇ ಅಳತೆಗೆ ಕತ್ತರಿಸಿ, ಮಡಚಿ, ಒಲೆ ಹಿಂದೆ ಇಟ್ಟು ನೋಡಿ. ಸ್ವಿಚ್ ಬೋರ್ಡ್ ಅಡ್ಡ ಬಂದರೆ ಅಗಲ ಕಡಿಮೆ ಮಾಡಿ. ಲೋಹದ ತಗಡು ಬೋರ್ಡಿಗೆ ತಾಗಲೇಬಾರದು.

ಆ ಪೇಪರನ್ನೇ ಹಿಡಿದುಕೊಂಡು ತಗಡಿನ ಏರ್ ಕೂಲರ್ ಮಾಡುವವರ ಹತ್ತಿರ ಹೋಗಿ, ಕತ್ತರಿಸುವ ಮತ್ತು ಮಡಚುವ ಸಾಮಾನು ಅವರಲ್ಲಿ ಇರುತ್ತದೆ, ಎಷ್ಟೋ ಸಲ ಉಳಿದ ತುಂಡಿನಲ್ಲೇ ಕೆಲಸ ಮುಗಿಯುತ್ತದೆ. ಏಪ್ರಿಲ್, ಮೇನಲ್ಲಿ ಹೋಗಬೇಡಿ, 40 ಡಿಗ್ರಿ ದಾಟಿದ ಊರಲ್ಲಿ ಅವರಿಗೆ ಮಾತಾಡೋಕೂ ಪುರುಸೊತ್ತಿರಲ್ಲ. 22 ಗೇಜ್ ದಪ್ಪದ ಜಿಐ ತಗಡು, ಅಂದರೆ ಸತು ಲೇಪಿಸಿದ ತಗಡು ಸಾಕು. ಅಂಚುಗಳನ್ನು ಒಳಗೆ ಮಡಚಿ ಕೊಡಲು ಕೇಳಿ. ಇದಂತೂ ಮರೆಯಬೇಡಿ, ಕತ್ತರಿಸಿದ ತಗಡಿನ ಅಂಚು ಕೈ ಕುಯ್ಯುತ್ತದೆ, ಗ್ಯಾಸ್ ಪೈಪನ್ನೂ ಬಿಡುವುದಿಲ್ಲ.

ಇಡುವಾಗ ಸಿಲಿಂಡರ್ ರೆಗ್ಯುಲೇಟರ್ ಬಂದ್ ಮಾಡಿ. ಒಲೆ ಸರಿಸಿ, ಕಟ್ಟೆ ಒರೆಸಿ, ತಗಡು ನಿಲ್ಲಿಸಿ, ಒಲೆ ಅದರ ಮೇಲೆ ಇಡಿ. ಪೈಪು ಎಲ್ಲೂ ತಗಡಿಗೆ ಉಜ್ಜುತ್ತಿಲ್ಲ ತಾನೇ, ಒಲೆ ಅಲುಗಾಡುತ್ತಿಲ್ಲ ತಾನೇ, ನೋಡಿ. ಮಡಚಿದ ಭಾಗ ಹಿಂದಿನ ಕಾಲುಗಳ ಕೆಳಗಷ್ಟೇ ಇರುವುದರಿಂದ ಒಲೆ ಕೂದಲೆಳೆಯಷ್ಟು ಮುಂದೆ ಬಾಗಬಹುದು, ಆಗ ಮುಂದಿನ ಕಾಲುಗಳ ಕೆಳಗೂ ಅದೇ ದಪ್ಪದ ತಗಡಿನ ಚೂರು ಇಡಿ.

ಒರೆಸಲು ಬಿಸಿನೀರು, ಪಾತ್ರೆ ಸೋಪು, ಮೆತ್ತನೆ ಬಟ್ಟೆ. ಸ್ಟೀಲ್ ಸ್ಕ್ರಬ್ಬರ್‌ನಿಂದ ತಿಕ್ಕಿದರೆ ಮೇಲಿನ ಸತುವಿನ ಪದರ ಹೋಗಿ ತುಕ್ಕು ಹಿಡಿಯುತ್ತದೆ. ಹುಣಸೆಹುಳಿ ಸಿಡಿದರೆ ಆಗಲೇ ಒರೆಸಿ, ಕಲೆ ನಿಲ್ಲುತ್ತದೆ. ನಿಂಬೆಹಣ್ಣು, ವಿನೆಗರ್ ಹಾಕಿ ತೊಳೆಯುವುದು ಕೆಳಗಿನ ಫರಸಿಗೂ ಒಳ್ಳೆಯದಲ್ಲ, ಶಹಾಬಾದ್ ಕಲ್ಲು ಸುಣ್ಣದಕಲ್ಲು, ಹುಳಿ ಅದನ್ನು ತಿನ್ನುತ್ತದೆ. ಆಗಾಗ ಒಲೆ ಎತ್ತಿ ತಗಡಿನ ಹಿಂದೆಯೂ ಒರೆಸಿ, ಜಿರಳೆಗಳಿಗೆ ಅದಕ್ಕಿಂತ ಒಳ್ಳೆ ಜಾಗ ಸಿಗಲ್ಲ.