ಹಳೇ ಕ್ವಾರ್ಟ್ಜ್ ವಾಚ್ ಮುಂದೆ ಓಡುತ್ತಿದೆಯಾ? ಟ್ರಿಮ್ಮರ್ ತಿರುಗಿಸುವುದು ಹೀಗೆ

ಎಪ್ಪತ್ತು, ಎಂಬತ್ತರ ದಶಕದ ಕ್ವಾರ್ಟ್ಜ್ ವಾಚ್ ನನ್ನ ಬೆಂಚಿಗೆ ಬಂದರೆ ದೂರು ಹೆಚ್ಚುಕಮ್ಮಿ ಒಂದೇ: "ಸೆಲ್ ಹೊಸದು ಸಾರ್, ಆದ್ರೂ ಮುಂದೆ ಓಡುತ್ತೆ." ಇದನ್ನು ಮನೆಯಲ್ಲೇ ಸರಿ ಮಾಡಬಹುದು. ಆತುರ ಬೇಡ ಅಷ್ಟೇ.

ಮೊದಲು ಸೆಲ್ ನೋಡಿ. ಸಿಲ್ವರ್ ಆಕ್ಸೈಡ್‌ದೇ ಇರಲಿ, 1.55 ವೋಲ್ಟ್. ಅಗ್ಗದ ಆಲ್ಕಲೈನ್ ಸೆಲ್ಲಿನ ವೋಲ್ಟೇಜ್ ದಿನ ಕಳೆದಂತೆ ಇಳಿಯುತ್ತಾ ಹೋಗುತ್ತದೆ.

ಆಮೇಲೆ ಅಳೆಯಿರಿ. ದೇಶದ ಅಧಿಕೃತ ಸಮಯ ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅದರ ವೆಬ್‌ಸೈಟ್ ನೋಡಿ ಸೆಕೆಂಡ್ ಮುಳ್ಳು ಕೂಡಿಸಿ, ಒಂದು ವಾರ ವಾಚನ್ನು ಕೈಗೇ ಕಟ್ಟಿಕೊಳ್ಳಿ. ಬೀರುವಿನಲ್ಲಿಟ್ಟು ಅಳೆದರೆ ಲೆಕ್ಕ ಬೇರೆಯೇ ಬರುತ್ತದೆ. ವಾಚಿನ ವೇಗ ನಿರ್ಧರಿಸುವುದು ಒಳಗಿನ ಕ್ವಾರ್ಟ್ಜ್ ಹರಳಿನ ಕಂಪನ. ಶ್ರುತಿಕವೆಯ ಆಕಾರದ ಈ ಹರಳು ಸುಮಾರು 25 ಡಿಗ್ರಿಯಲ್ಲಿ ಅತಿ ವೇಗವಾಗಿ ಕಂಪಿಸುತ್ತದೆ. ಸೆಕೆಯಾದರೂ ನಿಧಾನ, ಚಳಿಯಾದರೂ ನಿಧಾನ. ಈ ತಲೆನೋವು ಮೊದಲಿನಿಂದಲೂ ಇದ್ದದ್ದೇ. 1927ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಾರೆನ್ ಮ್ಯಾರಿಸನ್ ಮತ್ತು ಹಾರ್ಟನ್ ಮೊದಲ ಕ್ವಾರ್ಟ್ಜ್ ಗಡಿಯಾರ ಮಾಡಿದರು. ಅಲ್ಲೂ ಹರಳಿನ ಬಿಸಿ ಏರದಂತೆ, ಇಳಿಯದಂತೆ ಕಾಯಬೇಕಿತ್ತು. ವಾಚಿನಲ್ಲಿ ಆ ಕೆಲಸ ನಿಮ್ಮ ಮೈಬಿಸಿಯದು!

ಈಗ ಬ್ಯಾಕ್ ಕವರ್ ತೆಗೆಯಿರಿ. ಹರಳಿನ ಡಬ್ಬಿಯ ಹತ್ತಿರ ಸಾಸಿವೆಗಿಂತ ತುಸು ದೊಡ್ಡ ಸ್ಕ್ರೂ ತಲೆ ಕಾಣುತ್ತದಾ? ಅದೇ ಟ್ರಿಮ್ಮರ್, ಹರಳಿನ ವೇಗವನ್ನು ತುಸು ಹೆಚ್ಚುಕಮ್ಮಿ ಮಾಡುವ ಭಾಗ. ಎಷ್ಟೋ ಹೊಸ ವಾಚ್‌ಗಳಲ್ಲಿ ಇದು ಇರುವುದೇ ಇಲ್ಲ, ಕಾಣದಿದ್ದರೆ ಸುಮ್ನೆ ಮುಚ್ಚಿಬಿಡಿ. 1969ರ ಡಿಸೆಂಬರ್ 25ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೈಕೋ ಆಸ್ಟ್ರಾನ್‌ನ ಹರಳು ಸೆಕೆಂಡಿಗೆ 8,192 ಸಲ ಕಂಪಿಸುತ್ತಿತ್ತು. ಆಮೇಲೆ 32,768 ರೂಢಿಯಾಯಿತು. 15 ಸಲ ಅರ್ಧ ಮಾಡಿ ನೋಡಿ, ಸರಿಯಾಗಿ 1 ಬರುತ್ತದೆ; ವಾಚಿನೊಳಗಿನ ಸರ್ಕ್ಯೂಟ್ ಹೀಗೆ ಅರ್ಧ ಮಾಡುತ್ತಾ ಹೋಗಿಯೇ ಒಂದು ಸೆಕೆಂಡ್ ಎಣಿಸುವುದು. ನಿಮ್ಮ ವಾಚ್ ದಿನಕ್ಕೆ ಒಂದು ಸೆಕೆಂಡ್ ಮುಂದೆ ಓಡಿದರೆ, ಹರಳು ಸೆಕೆಂಡಿಗೆ ಅರ್ಧ ಕಂಪನದಷ್ಟೂ ಹೆಚ್ಚು ಓಡುತ್ತಿಲ್ಲ! ಆದ್ದರಿಂದಲೇ ಕೈ ಹಗುರವಿರಲಿ ಅನ್ನುವುದು.

ಸ್ಕ್ರೂವಿನ ಗೆರೆ ಯಾವ ಕಡೆಗಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಲೋಹದ ಸ್ಕ್ರೂಡ್ರೈವರ್ ಬೇಡ, ಅದು ತಾಗಿದರೇ ವೇಗ ಬದಲಾಗುತ್ತದೆ. ನಾನು ಊದಿನಕಡ್ಡಿಯ ಬಿದಿರಿನ ತುದಿಯನ್ನು ಬ್ಲೇಡಿನಲ್ಲಿ ಚಪ್ಪಟೆ ಕೆತ್ತಿ ಬಳಸುತ್ತೇನೆ. ಕೂದಲೆಳೆಯಷ್ಟು ತಿರುಗಿಸಿ. ಪಕ್ಕದಲ್ಲಿ + − ಗುರುತು ಇದ್ದರೆ − ಕಡೆಗೆ. ಗುರುತಿಲ್ಲದಿದ್ದರೆ ಯಾವುದಾದರೂ ಒಂದು ಕಡೆಗೆ ತಿರುಗಿಸಿ, ಮತ್ತೆ ಒಂದು ವಾರ ಅಳೆಯಿರಿ. ಸುತ್ತಿದಷ್ಟೂ ನಿಧಾನವಾಗುತ್ತದೆ ಅಂದುಕೊಳ್ಳಬೇಡಿ: ಅರ್ಧ ಸುತ್ತು ದಾಟಿದರೆ ಅದು ಬಂದ ದಾರಿಯಲ್ಲೇ ವಾಪಸ್. ಇಷ್ಟೆಲ್ಲ ಮಾಡಿಯೂ ಹಿಡಿತಕ್ಕೆ ಬರದಿದ್ದರೆ ಹರಳಿಗೇ ವಯಸ್ಸಾಗಿದೆ, ಅದನ್ನೇ ಬದಲಿಸಬೇಕು.

ಕವರ್ ಹಾಕುವ ಮುಂಚೆ ರಬ್ಬರ್ ರಿಂಗ್ ಮುಟ್ಟಿ ನೋಡಿ. ಗಟ್ಟಿಯಾಗಿದ್ದರೆ ಹೊಸದು ಹಾಕಿ.