ದಿನಕ್ಕೆ 10 ಪುಟ: ವಿಶ್ವವಿದ್ಯಾನಿಲಯದ ಓದನ್ನು ರೂಢಿ ಮಾಡಿಕೊಳ್ಳುವ ಬಗೆ

ದಾವಣಗೆರೆ ವಿಶ್ವವಿದ್ಯಾನಿಲಯದ ಶಿವಗಂಗೋತ್ರಿ ಆವರಣ ಇರುವುದು ಊರಾಚೆ, ತೋಳಹುಣಸೆಯಲ್ಲಿ. ಪೇಟೆಯಿಂದ ದಿನವೂ ಹೋಗಿಬರುವವರು ಬಸ್ಸಿನ ಕುಲುಕಾಟದಲ್ಲಿ ಹೊಸ ಅಧ್ಯಾಯ ಹಿಡಿಯಬೇಡಿ. ನಿನ್ನೆಯ ಟಿಪ್ಪಣಿ ತಿರುವಿಹಾಕಲು ಆ ಹೊತ್ತು ಸಾಕು.

ದಿನಕ್ಕೆ 10 ಪುಟವಾದರೆ 300 ಪುಟದ ಪುಸ್ತಕಕ್ಕೆ 30 ದಿನ. 16 ವಾರದ ಸೆಮಿಸ್ಟರಿನಲ್ಲಿ 3 ಪುಸ್ತಕ ಮುಗಿದು, ಇನ್ನೂ 22 ದಿನ ಉಳಿಯುತ್ತವೆ.

ಕನ್ನಡ ಮಾಧ್ಯಮದಿಂದ ಬಂದವರು ಮುಗ್ಗರಿಸುವುದು ಇಂಗ್ಲಿಷ್ ಪುಸ್ತಕಗಳಲ್ಲಿ. ಬುದ್ಧಿ ಕಡಿಮೆ ಅಂತಲ್ಲ; ಪದಪದಕ್ಕೂ ನಿಘಂಟು ತೆರೆದರೆ ವಾಕ್ಯದ ತುದಿ ಮುಟ್ಟುವಷ್ಟರಲ್ಲಿ ಬುಡ ಮರೆತಿರುತ್ತದೆ. ಪ್ಯಾರಾ ಪೂರ್ತಿ ಓದಿ, ತಿಳಿಯದ ಪದದ ಕೆಳಗೆ ಪೆನ್ಸಿಲ್ ಚುಕ್ಕೆ ಇಡಿ. ಗ್ರಂಥಾಲಯದ ಪುಸ್ತಕವಾದರೆ ಪದವನ್ನು ಚೀಟಿಯಲ್ಲಿ ಬರೆದುಕೊಳ್ಳಿ, ದಯವಿಟ್ಟು ಪುಟದ ಮೇಲೆ ಬೇಡ. ಎರಡನೇ ಓದಿಗೆ ಎಷ್ಟೋ ಪದ ತಾವೇ ಬಿಡಿಸಿಕೊಳ್ಳುತ್ತವೆ. ಮತ್ತೆ ಮತ್ತೆ ಎದುರಾಗುವ 3 ಪದಗಳಿಗಷ್ಟೇ ಅರ್ಥ ಹುಡುಕಿ.

ಟಿಪ್ಪಣಿಗೆ ಎ4 ಹಾಳೆಯನ್ನು ನಾಲ್ಕಾಗಿ ಹರಿದುಕೊಳ್ಳಿ. ಒಂದು ಚೀಟಿಗೆ ಒಂದೇ ವಿಚಾರ: ಮೇಲೆ ಲೇಖಕರ ಹೆಸರು, ಪುಸ್ತಕ, ಪುಟಸಂಖ್ಯೆ, ಕೆಳಗೆ ಪುಸ್ತಕ ಮುಚ್ಚಿಟ್ಟು ನಿಮ್ಮದೇ ಮಾತಿನಲ್ಲಿ 2 ಸಾಲು. ಮುಚ್ಚದೆ ಬರೆದರೆ ಕೈ ನಕಲು ಮಾಡುತ್ತದೆ, ತಲೆ ಸುಮ್ಮನಿರುತ್ತದೆ. ಪುಟಸಂಖ್ಯೆ ಬಿಟ್ಟಿರೋ, ಪ್ರಬಂಧ ಬರೆಯುವಾಗ ಇಡೀ ಪುಸ್ತಕ ತಡಕಾಡಬೇಕು.

ಜೆರಾಕ್ಸ್ ಅಂಗಡಿಯ ಸಿದ್ಧ ನೋಟ್ಸನ್ನೇ ನೆಚ್ಚಬೇಡಿ. ನಕಲಿನಿಂದ ನಕಲಿಗೆ ತಪ್ಪುಗಳೂ ಸಾಗಿಬರುತ್ತವೆ. ಪ್ರಶ್ನೆ ಕೊಂಚ ತಿರುಗಿದರೂ ಉತ್ತರ ಹೊಳೆಯುವುದಿಲ್ಲ. ರಾತ್ರಿ ಊಟದ ನಂತರ ಕಣ್ಣು ಎಳೆಯುವವರು ಆ 10 ಪುಟವನ್ನು ಬೆಳಗ್ಗೆಯೇ ಮುಗಿಸಿ, ಮೊಬೈಲು ಅಲ್ಲಿಯವರೆಗೆ ಇನ್ನೊಂದು ಕೋಣೆಯಲ್ಲಿರಲಿ.