ತೀರಿಸಿದ ಸಾಲ ರಿಪೋರ್ಟಿನಲ್ಲಿ ಹಾಗೇ ಇತ್ತು

ಬೈಕ್ ಸಾಲ 2019ರಲ್ಲೇ ತೀರಿಸಿದ್ದೆ. ಮೊನ್ನೆ ಮನೆ ಸಾಲಕ್ಕೆ ಹೋದರೆ ಸಿಬಿಲ್ ರಿಪೋರ್ಟಿನಲ್ಲಿ (ನಮ್ಮ ಸಾಲಗಳ ದಾಖಲೆ) ಅದೇ ಸಾಲ 'ರಿಟನ್ ಆಫ್', ಅಂದರೆ ವಸೂಲಾಗದ ಸಾಲ, ಬಾಕಿ 4,312 ರೂಪಾಯಿ! ವಸೂಲಿಯವನೊಬ್ಬ ಫೋನ್ ಮಾಡಿ, "ಸುಮ್ನೆ ಅರ್ಧ ಕಟ್ಟಿ ಸಾರ್, ಸೆಟಲ್ ಮಾಡೋಣ" ಅಂದ. ಕಟ್ಟಲಿಲ್ಲ. ಕಟ್ಟಿದ್ದರೆ 'ಸೆಟಲ್ಡ್' (ಪೂರ್ತಿ ಕಟ್ಟದೆ ಮುಗಿಸಿದ್ದು) ಅಂತ ಬೀಳುತ್ತಿತ್ತು, ಅದೂ ಕಪ್ಪು ಚುಕ್ಕೆಯೇ ಅಲ್ವಾ?

ಬೀರು ತಡಕಾಡಿದೆ. ಹಳೇ ಇನ್ಶೂರೆನ್ಸ್ ಕಾಗದಗಳ ನಡುವೆ, ಮಡಿಕೆಯಲ್ಲಿ ಹರಿಯುತ್ತಿದ್ದ ಎನ್‌ಒಸಿ (ಸಾಲ ತೀರಿದೆ ಎಂಬ ಕಂಪನಿಯ ಪತ್ರ) ಸಿಕ್ಕಿತು. ಆನ್‌ಲೈನಿನಲ್ಲಿ ಸಿಬಿಲ್‌ಗೆ ಡಿಸ್ಪ್ಯೂಟ್ (ತಕರಾರು) ಹಾಕಿದೆ. ಆದರೆ ಸಿಬಿಲ್‌ನಂಥ ಕ್ರೆಡಿಟ್ ಬ್ಯೂರೋದವರು ತಾವಾಗಿಯೇ ತಿದ್ದುವುದಿಲ್ಲ, ಸಾಲ ಕೊಟ್ಟವರನ್ನು ಕೇಳುತ್ತಾರೆ. ಹಾಗಾಗಿ ಫೈನಾನ್ಸ್ ಕಂಪನಿಗೂ ಅದೇ ದಿನ ಎನ್‌ಒಸಿ ಸಮೇತ ಇಮೇಲ್ ಕಳಿಸಿದೆ. 30 ದಿನ ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮವನ್ನೂ ನೆನಪಿಸಿದೆ. ಅದೇ ಕೆಲಸ ಮಾಡಿತೇನೋ. 23ನೇ ದಿನ 'ಕ್ಲೋಸ್ಡ್', ಬಾಕಿ ಸೊನ್ನೆ.